ಎರಡು ಕಾಗೆಗಳ ದ್ವೀಪ

ಇತಿಹಾಸ ತೆಗೆದುಕೊಂಡವರಿಗೆ ಇಬ್ನ್ ಬತೂತಾ ಎಂದರೆ ಒಂದು ಅಂಕದ ಪ್ರಶ್ನೆ. ಮೊರಾಕೊ ದೇಶದ ಪ್ರವಾಸಿ, ಮೊಹಮ್ಮದ್ ಬಿನ್ ತುಘಲಕ್‌ನ ಕಾಲದಲ್ಲಿ ದೆಹಲಿಗೆ ಬಂದವನು, 'ರಿಹ್ಲಾ' ಎಂಬ ಪ್ರವಾಸ ಗ್ರಂಥದ ಕರ್ತೃ. ಇಷ್ಟು ಬರೆದರೆ ಅಂಕ ಸಿಗುತ್ತದೆ. ನಾನೂ ಮೊದಲು ಇಷ್ಟನ್ನೇ ಬಾಯಿಪಾಠ ಮಾಡಿದ್ದೆ. ಆಮೇಲೆ ರಜೆಯಲ್ಲಿ ಆ ಗ್ರಂಥದ ಇಂಗ್ಲಿಷ್ ಅನುವಾದವನ್ನು ಓದಿದೆ. ದೆಹಲಿಯ ದರ್ಬಾರಿನ ವೈಭವವೆಲ್ಲ ಓದಿ ಮುಗಿದ ಮೇಲೂ ನನ್ನ ಮನಸ್ಸಿನಲ್ಲಿ ಉಳಿದದ್ದು ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪ. ಅದರಲ್ಲಿ ಇದ್ದದ್ದು ಒಂದೇ ಒಂದು ಮನೆ. ಆ ದ್ವೀಪದ ವಿಷಯ ಹೇಳಬೇಕಾದರೆ ಅಲ್ಲಿಗೆ ಹೋದವನ ಜೀವನವನ್ನೂ ಹೇಳಬೇಕು.

ಇಬ್ನ್ ಬತೂತಾ ಹುಟ್ಟಿದ್ದು 1304ರ ಫೆಬ್ರವರಿಯಲ್ಲಿ, ಮೊರಾಕೊದ ಕಡಲ ತೀರದ ತಾಂಜಿಯರ್ ಪಟ್ಟಣದಲ್ಲಿ. ಅವನ ಮನೆತನದಲ್ಲಿ ಅನೇಕರು ಖಾಝಿಗಳಾಗಿದ್ದರು, ಎಂದರೆ ನ್ಯಾಯಾಧೀಶರು. ಅವನೂ ಧರ್ಮಶಾಸ್ತ್ರ, ಕಾನೂನು ಓದಿದ. 1325ರ ಜೂನ್ ತಿಂಗಳಲ್ಲಿ, 21ನೆಯ ವಯಸ್ಸಿನಲ್ಲಿ, ಹಜ್ ಯಾತ್ರೆಗೆಂದು ಮನೆ ಬಿಟ್ಟ. ಜೊತೆಗೆ ಸ್ನೇಹಿತರಿರಲಿಲ್ಲ, ಯಾತ್ರಿಕರ ಗುಂಪೂ ಇರಲಿಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು. ಅವರನ್ನು ಬಿಟ್ಟು ಹೊರಡುವಾಗ ಆದ ಸಂಕಟವನ್ನು ಅವನು ಮುಂದೆ ಮರೆಯದೆ ಬರೆಸಿದ್ದಾನೆ. ಹಜ್ ಮುಗಿಸಿ ಒಂದೆರಡು ವರ್ಷದಲ್ಲಿ ಮರಳಬಹುದಾಗಿದ್ದ ಹುಡುಗ ತನ್ನ ದೇಶಕ್ಕೆ ಮರಳಿದ್ದು 24 ವರ್ಷಗಳ ನಂತರ.

ಈ ನಡುವೆ ಅವನು ಈಜಿಪ್ಟ್, ಸಿರಿಯಾ, ಮಕ್ಕಾ, ಮದೀನಾ, ಇರಾಕ್, ಪರ್ಷಿಯಾ, ಯೆಮನ್ ನೋಡಿದ. ಆಫ್ರಿಕಾದ ಪೂರ್ವ ಕರಾವಳಿಯ ಮೊಗದಿಶು, ಮೊಂಬಾಸಾ, ಕಿಲ್ವಾ ನೋಡಿದ. ತುರ್ಕರ ನಾಡು, ಕಾನ್‌ಸ್ಟಾಂಟಿನೋಪಲ್, ಮಧ್ಯ ಏಷ್ಯಾ ದಾಟಿ 1333ರ ಸೆಪ್ಟೆಂಬರ್‌ನಲ್ಲಿ ಸಿಂಧೂ ನದಿಯ ದಡಕ್ಕೆ ಬಂದ. ದೆಹಲಿಯಲ್ಲಿ ತುಘಲಕ್ ಅವನನ್ನು ಖಾಝಿಯಾಗಿ ನೇಮಿಸಿದ. ಕೈತುಂಬ ಸಂಬಳವಿತ್ತು. ಆದರೆ ಆ ಸುಲ್ತಾನನ ಕೃಪೆ ಎಷ್ಟು ದೊಡ್ಡದೋ ಕೋಪವೂ ಅಷ್ಟೇ ದೊಡ್ಡದು. ಒಬ್ಬ ಸೂಫಿ ಸಂತರನ್ನು ಭೇಟಿಯಾಗಿದ್ದಕ್ಕೆ ಇಬ್ನ್ ಬತೂತಾನ ಸುತ್ತ ಕಾವಲು ಹಾಕಿಸಿದ. ಅವನು ಜೀವ ಕೈಯಲ್ಲಿ ಹಿಡಿದು ಉಪವಾಸ, ಪ್ರಾರ್ಥನೆಗಳಲ್ಲಿ ಆ ದಿನಗಳನ್ನು ಕಳೆದ. ಕೊನೆಗೆ ಅದೇ ಸುಲ್ತಾನ 1342ರಲ್ಲಿ ಅವನನ್ನು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳಿಸಿದ.

ಚೀನಾಕ್ಕೆ ಹೋಗುವ ಹಡಗು ಹತ್ತಲು ಅವನು ಕಲ್ಲಿಕೋಟೆಗೆ ಹೋಗಬೇಕಿತ್ತು. ಆ ದಾರಿ ನಮ್ಮ ಕರಾವಳಿಯ ಮೇಲೆಯೇ ಇತ್ತು. ಹೊನ್ನಾವರ, ಬಾರಕೂರು, ಮಂಗಳೂರು ಈ ಮೂರೂ ಊರುಗಳು 'ರಿಹ್ಲಾ'ದಲ್ಲಿವೆ. ಬಾರಕೂರಿನಲ್ಲಿ ಕಬ್ಬು ಹೇರಳವಾಗಿತ್ತು. ಮಂಗಳೂರಿಗೆ ಪರ್ಷಿಯಾ, ಯೆಮನ್‌ಗಳ ವ್ಯಾಪಾರಿಗಳು ಮೆಣಸು, ಶುಂಠಿಗಾಗಿ ಬರುತ್ತಿದ್ದರು. ಹೊನ್ನಾವರದ ವಿಷಯ ನಮ್ಮ ಕಾಲೇಜಿನ ಹುಡುಗಿಯರು ಮುಖ್ಯವಾಗಿ ಓದಬೇಕು. ಅಲ್ಲಿ ಹೆಣ್ಣುಮಕ್ಕಳಿಗೆಂದೇ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳು ಇದ್ದವು. ಊರಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಆ ದೊಡ್ಡ ಪ್ರವಾಸಿ ಹೇಳುತ್ತಾನೆ. ಇದು ಸುಮಾರು 680 ವರ್ಷಗಳ ಹಿಂದಿನ ಕರ್ನಾಟಕದ ಮಾತು.

ಹೊನ್ನಾವರದ ಊಟವೂ ಅವನಿಗೆ ಚೆನ್ನಾಗಿ ನೆನಪಿತ್ತು. ಅನ್ನ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಆಮೇಲೆ ಕೋಳಿ, ಮೀನು, ಕೊನೆಗೆ ಮೊಸರು. ಗೋಧಿ ರೊಟ್ಟಿ ತಿಂದು ಬೆಳೆದವನಿಗೆ ಇದು ಹೊಸದು. ಮುಂದೆ ವರ್ಷಗಟ್ಟಲೆ ಈ ಕಡೆಯ ಸೀಮೆಗಳಲ್ಲಿ ಅನ್ನವನ್ನೇ ಉಂಡು, ಕೊನೆಕೊನೆಗೆ ನೀರು ಕುಡಿದು ನುಂಗಬೇಕಾದ ಸ್ಥಿತಿ ಬಂತಂತೆ. ಹಾಸ್ಟೆಲ್‌ನಲ್ಲಿರುವ ಗೆಳೆಯರಿಗೆ ಈ ಕಷ್ಟ ಅರ್ಥವಾಗುತ್ತದೆ.

ಕಲ್ಲಿಕೋಟೆಯಲ್ಲಿ ಅವನ ಅದೃಷ್ಟ ಕೈಕೊಟ್ಟಿತು. ಚಕ್ರವರ್ತಿಗೆ ಕೊಡಬೇಕಾದ ಉಡುಗೊರೆಗಳೆಲ್ಲ ಹಡಗು ಸೇರಿದ್ದವು. ಜುಮಾ ನಮಾಝ್ ಮುಗಿಸಿ ಹತ್ತೋಣವೆಂದು ಇಬ್ನ್ ಬತೂತಾ ದಡದಲ್ಲಿ ಉಳಿದ. ಅಷ್ಟರಲ್ಲಿ ಬಿರುಗಾಳಿ ಎದ್ದು ದೊಡ್ಡ ಹಡಗು ಒಡೆದುಹೋಯಿತು. ಅವನ ಸ್ವಂತ ಸಾಮಾನು ಇದ್ದ ಚಿಕ್ಕ ಹಡಗು ಅವನನ್ನು ಬಿಟ್ಟು ಹೊರಟುಹೋಯಿತು. ಕೈಯಲ್ಲಿ ಉಳಿದದ್ದು 10 ದಿನಾರು ಮತ್ತು ಮಲಗಲು ಒಂದು ಹಾಸು. ಬರಿಗೈಯಲ್ಲಿ ದೆಹಲಿಗೆ ಹೋದರೆ ಸುಲ್ತಾನ ಸುಮ್ಮನೆ ಬಿಡುವವನಲ್ಲ. ಇಬ್ನ್ ಬತೂತಾ ಮತ್ತೆ ಹೊನ್ನಾವರಕ್ಕೆ ಬಂದು, ಅಲ್ಲಿನ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿ ಇದ್ದ. ಕೊನೆಗೆ, ಹೆಸರು ಮಾತ್ರ ಕೇಳಿದ್ದ ಒಂದು ದ್ವೀಪ ಸಮೂಹವನ್ನು ನೋಡಿಬರೋಣವೆಂದು ಕಲ್ಲಿಕೋಟೆಯಿಂದ ಹಡಗು ಹತ್ತಿದ. 10 ದಿನಗಳ ಪ್ರಯಾಣದ ನಂತರ ಮುಟ್ಟಿದ ಆ ದ್ವೀಪಗಳೇ ಇಂದಿನ ಮಾಲ್ಡೀವ್ಸ್. 1343 ಮತ್ತು 1344ರ ನಡುವಿನ ಮಾತಿದು.

ಭೂಗೋಳ ಓದುವವರಿಗೆ ಈ ದ್ವೀಪಗಳ ಪರಿಚಯವಿರುತ್ತದೆ. ಹವಳದ ಸಣ್ಣ ಜೀವಿಗಳ ಸುಣ್ಣದ ಗೂಡುಗಳು ಸಾವಿರಾರು ವರ್ಷ ಒಂದರ ಮೇಲೊಂದು ಬೆಳೆದು ಆದ ನೆಲ ಅದು. ದ್ವೀಪಗಳು ಬಳೆಯ ಹಾಗೆ ದುಂಡಗೆ ನಿಂತಿರುತ್ತವೆ, ನಡುವೆ ಶಾಂತವಾದ ನೀರು. ಇಂಥ ಬಳೆಗೆ ಜಗತ್ತಿನವರೆಲ್ಲ 'ಅಟಾಲ್' ಎನ್ನುತ್ತಾರೆ. ಆ ಪದ ಬಂದದ್ದೇ ಮಾಲ್ಡೀವ್ಸ್‌ನ ದಿವೇಹಿ ಭಾಷೆಯಿಂದ. ಬಳೆಯ ಆಕಾರ ಏಕೆ ಬಂತು ಎಂಬುದಕ್ಕೆ 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಉತ್ತರ ಕೊಟ್ಟ: ಜ್ವಾಲಾಮುಖಿ ದ್ವೀಪ ನಿಧಾನವಾಗಿ ಮುಳುಗುತ್ತದೆ, ಅದರ ಅಂಚಿನ ಹವಳ ಮಾತ್ರ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಅದಕ್ಕೆ ಸುಮಾರು 500 ವರ್ಷ ಮೊದಲೇ ಇಬ್ನ್ ಬತೂತಾ ಆ ಆಕಾರವನ್ನು ಗಮನಿಸಿದ್ದ. ದ್ವೀಪಗಳು ಉಂಗುರದಂತೆ ಗುಂಪುಗೂಡಿವೆ, ಒಳಗೆ ಹೋಗಲು ಬಾಗಿಲಿನಂಥ ಒಂದು ದಾರಿ ಇದೆ, ಸ್ಥಳೀಯ ದಾರಿಗಾರನಿಲ್ಲದೆ ಹಡಗು ಒಳಗೆ ಹೋಗಲಾರದು ಎಂದು ಅವನು ವಿವರಿಸುತ್ತಾನೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎದುರಿನ ದ್ವೀಪದ ತೆಂಗಿನ ತಲೆಗಳು ಕಾಣುವಷ್ಟು ಅವು ಹತ್ತಿರವಿದ್ದವು.

ತೆಂಗಿನ ಮರವನ್ನಂತೂ ಅವನು ಬಿಡಿಬಿಡಿಯಾಗಿ ನೋಡಿದ್ದಾನೆ. ಕಾಯಿಯನ್ನು ಮನುಷ್ಯನ ತಲೆಗೆ ಹೋಲಿಸುತ್ತಾನೆ: ಎರಡು ಕಣ್ಣು, ಒಂದು ಬಾಯಿ, ಒಳಗೆ ಮಿದುಳಿನಂಥ ತಿರುಳು, ಹೊರಗೆ ಕೂದಲಿನಂಥ ನಾರು. ನಾವು ದಿನಾ ಕಾಯಿ ಒಡೆಯುತ್ತೇವೆ, ಮೂರು ಕಣ್ಣು ಎನ್ನುತ್ತೇವೆ. ಮೊದಲ ಬಾರಿಗೆ ನೋಡಿದವನ ಬೆರಗಿನಿಂದ ಅದನ್ನು ನೋಡುವುದನ್ನು ಮರೆತಿದ್ದೇವೆ. ಆ ಕಾಯಿಯಿಂದ ಹಾಲು, ಎಣ್ಣೆ, ಮರದಿಂದ ಬೆಲ್ಲದಂಥ ಸಿಹಿ ತೆಗೆಯುವುದನ್ನು ಅವನು ಬರೆಸಿದ್ದಾನೆ. ಕೆಸುವಿನ ಗೆಡ್ಡೆಯ ಹಿಟ್ಟಿನಿಂದ ಶ್ಯಾವಿಗೆಯಂಥದ್ದು ಮಾಡಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಅಡುಗೆ ಅವನಿಗೆ ಬಹಳ ಇಷ್ಟವಾಗಿತ್ತು. ನಮ್ಮಲ್ಲಿ ಶ್ಯಾವಿಗೆಗೆ ಕಾಯಿಹಾಲು ಹಾಕಿಕೊಂಡು ತಿನ್ನುವವರಿಗೆ ಆ ರುಚಿ ಊಹಿಸುವುದು ಕಷ್ಟವಲ್ಲ.

ನಾರಿನ ವಿಷಯ ವಿಜ್ಞಾನದವರಿಗೆ ಹಿಡಿಸಬಹುದು. ತೆಂಗಿನ ಸಿಪ್ಪೆಯನ್ನು ಕಡಲ ದಡದ ಗುಂಡಿಗಳಲ್ಲಿ ನೆನೆಹಾಕಿ, ಬಡಿದು, ಹೆಂಗಸರು ಹುರಿ ಹೊಸೆಯುತ್ತಿದ್ದರು. ಆ ಹುರಿಯಿಂದ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದರು. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ. ಹೊಲಿದ ಹಡಗು ಸ್ವಲ್ಪ ಬಾಗಿ, ಪೆಟ್ಟನ್ನು ತಾಳಿಕೊಳ್ಳುತ್ತದೆ. ಕಾರಣ ಸಹಿತ ಹೀಗೆ ವಿವರಿಸಿದವನು ಎಂಜಿನಿಯರ್ ಅಲ್ಲ, ಒಬ್ಬ ಖಾಝಿ.

ಇನ್ನು ಕವಡೆ. ಚಿನ್ನದ ಊರಿನವರಾದ ನಾವು ಇದನ್ನು ನಿಧಾನವಾಗಿ ಓದಬೇಕು. ಮಾಲ್ಡೀವ್ಸ್‌ನ ಜನ ಕಡಲಿನಿಂದ ಕವಡೆ ಆರಿಸಿ, ದಡದಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಒಳಗಿನ ಮಾಂಸ ಕೊಳೆತುಹೋಗಿ ಬಿಳಿಯ ಚಿಪ್ಪು ಉಳಿಯುತ್ತಿತ್ತು. ಅದೇ ಅವರ ಹಣ. ಅದನ್ನು ಕೊಟ್ಟು ಬಂಗಾಳದಿಂದ ಅಕ್ಕಿ ತರಿಸುತ್ತಿದ್ದರು. ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ, ಬೆಲೆ ಬಿದ್ದಾಗ 12 ಲಕ್ಷ. ಹಲವು ವರ್ಷಗಳ ನಂತರ ಇಬ್ನ್ ಬತೂತಾ ಸಹಾರಾ ಮರುಭೂಮಿ ದಾಟಿ ಪಶ್ಚಿಮ ಆಫ್ರಿಕಾದ ಮಾಲಿ ರಾಜ್ಯಕ್ಕೆ ಹೋದ. ಚಿನ್ನಕ್ಕೆ ಹೆಸರಾದ ನಾಡು ಅದು. ಅಲ್ಲಿಯೂ ಕವಡೆ ನಾಣ್ಯವಾಗಿ ಓಡುತ್ತಿತ್ತು. ಅಲ್ಲಿ ಒಂದು ದಿನಾರಿಗೆ 1,150 ಕವಡೆ ಮಾತ್ರ. ಲೆಕ್ಕ ಹಾಕಿ ನೋಡಿ: ದ್ವೀಪದಲ್ಲಿ ಕವಡೆಗೆ ಇದ್ದ ಬೆಲೆಗಿಂತ ಮಾಲಿಯಲ್ಲಿ ಮುನ್ನೂರು ಪಟ್ಟಿಗೂ ಹೆಚ್ಚು. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಯಾವುದಕ್ಕೆ ಎಷ್ಟು ಕಿಮ್ಮತ್ತು ಎಂಬುದು ಅದು ಎಲ್ಲಿದೆ, ಯಾರಿಗೆ ಬೇಕಾಗಿದೆ ಎಂಬುದರ ಮೇಲೆ ನಿಂತಿದೆ. ಮೂರು ಕಿಲೋಮೀಟರಿಗೂ ಆಳದಿಂದ ಚಿನ್ನದ ಅದಿರು ತೆಗೆದ ಗಣಿಗಳು, ತೆಗೆಯುವ ಖರ್ಚು ಹೆಚ್ಚಾಯಿತೆಂದು 2001ರ ಫೆಬ್ರವರಿ 28ರಂದು ಮುಚ್ಚಿದ್ದನ್ನು ಕಂಡ ಮನೆಗಳಿಗೆ ಈ ಪಾಠವನ್ನು ಬೇರೆಯವರು ಹೇಳಬೇಕಾಗಿಲ್ಲ.

ಮಾಲೆ ದ್ವೀಪದಲ್ಲಿ ಇಬ್ನ್ ಬತೂತಾಗೆ ಒಳ್ಳೆಯ ಸ್ವಾಗತ ಸಿಕ್ಕಿತು. ಆಗ ಅಲ್ಲಿ ಆಳುತ್ತಿದ್ದವಳು ಸುಲ್ತಾನಾ ಖದೀಜಾ. ಶುಕ್ರವಾರದ ಖುತ್ಬಾದಲ್ಲಿ ಆಕೆಯ ಹೆಸರು ಹೇಳುತ್ತಿದ್ದರು. ಊರು ಚಿಕ್ಕದಾದರೂ ಬಹಳ ಚೊಕ್ಕಟ. ಬೀದಿಗಳನ್ನು ಗುಡಿಸಿ, ಮರಗಳ ನೆರಳು ಬೀಳುವಂತೆ ಇಟ್ಟಿದ್ದರು. ನಡೆದರೆ ತೋಟದಲ್ಲಿ ನಡೆದಂತೆ. ಪ್ರತಿ ಮನೆಯ ಬಾಗಿಲಲ್ಲಿ ನೀರಿನ ಹಂಡೆ, ತೆಂಗಿನ ಚಿಪ್ಪಿನ ಸೌಟು. ಕಾಲು ತೊಳೆದು, ಒರೆಸಿಕೊಂಡು ಒಳಗೆ ಹೋಗಬೇಕು. ಜನ ಜಗಳಗಂಟರಲ್ಲ, ಯುದ್ಧ ಗೊತ್ತಿಲ್ಲದವರು. ಒಬ್ಬ ಕಳ್ಳನಿಗೆ ಕೈ ಕತ್ತರಿಸುವ ಶಿಕ್ಷೆಯನ್ನು ಇಬ್ನ್ ಬತೂತಾ ವಿಧಿಸಿದಾಗ ಅಲ್ಲಿದ್ದ ಕೆಲವರು ಮೂರ್ಛೆ ಹೋದರಂತೆ.

ಹೌದು, ಅಲ್ಲಿಯೂ ಅವನೇ ಖಾಝಿ. ಅವನಿಗೆ ಮೊದಲು ಆ ಉದ್ದೇಶವಿರಲಿಲ್ಲ. ದೆಹಲಿಯಲ್ಲಿ ಖಾಝಿಯಾಗಿದ್ದವನೆಂದು ತಿಳಿದ ಮೇಲೆ ಅವರು ಬಿಡಲಿಲ್ಲ. ಅಲ್ಲಿ ಮದುವೆಗಳಾದವು, ದೊಡ್ಡ ಮನೆತನಗಳ ಸಂಬಂಧ ಬೆಳೆಯಿತು. ಸಂಬಂಧದ ಜೊತೆಗೆ ಅಧಿಕಾರ, ಅಧಿಕಾರದ ಜೊತೆಗೆ ಸಂಶಯ. ಸುಲ್ತಾನಾಳ ಪತಿಯಾಗಿದ್ದ ವಜೀರನಿಗೂ ಅವನಿಗೂ ಮನಸ್ತಾಪವಾಯಿತು. ಹೊರಗಿನಿಂದ ಸೈನ್ಯ ತರುತ್ತಾನೇನೋ ಎಂಬ ಭಯ ಅವರಿಗೆ. ಆ ಆಲೋಚನೆ ಅವನ ತಲೆಯಲ್ಲೂ ಇಲ್ಲದಿರಲಿಲ್ಲ. ಕೊನೆಗೆ ಕೆಲಸ ಬಿಟ್ಟು, 1344ರಲ್ಲಿ ಮಾಲೆಯಿಂದ ಹೊರಟ.

ಹೀಗೆ ಹೊರಟು ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಹೋಗುವಾಗ ಆ ಒಂಟಿ ಮನೆಯ ದ್ವೀಪ ಎದುರಾಯಿತು. ಅಲ್ಲಿದ್ದವನು ಒಬ್ಬ ನೇಕಾರ. ಅವನ ಹೆಂಡತಿ, ಮಕ್ಕಳು. ಕೆಲವು ತೆಂಗಿನ ಮರ, ಕೆಲವು ಬಾಳೆ ಗಿಡ. ಮೀನು ಹಿಡಿಯಲು, ಬೇರೆ ದ್ವೀಪಗಳಿಗೆ ಹೋಗಿಬರಲು ಒಂದು ಪುಟ್ಟ ದೋಣಿ. ನೆಲದ ಹಕ್ಕಿಗಳೆಂದರೆ ಎರಡೇ ಎರಡು ಕಾಗೆ. ಹಡಗು ಬಂದದ್ದನ್ನು ಕಂಡು ಅವು ಹಾರಿಬಂದು ಮೇಲೆ ಸುತ್ತು ಹಾಕಿದವು. ಅಷ್ಟೇ. ನೋಡಲು ಅಲ್ಲಿ ಬೇರೇನೂ ಇರಲಿಲ್ಲ.

ಆದರೆ ಅಲ್ಲಿಯೇ ಇಬ್ನ್ ಬತೂತಾ ತನ್ನ ಜೀವನದ ದೊಡ್ಡ ಮಾತೊಂದನ್ನು ಹೇಳಿದ್ದಾನೆ. ಆಣೆ ಮಾಡಿ ಹೇಳುತ್ತಾನೆ, ಆ ನೇಕಾರನನ್ನು ಕಂಡು ತನಗೆ ಅಸೂಯೆಯಾಯಿತು ಎಂದು. ಆ ದ್ವೀಪ ತನ್ನದಾಗಿದ್ದರೆ ಸಾಯುವ ತನಕ ಅಲ್ಲೇ ಏಕಾಂತದಲ್ಲಿ ಇದ್ದುಬಿಡುತ್ತಿದ್ದೆ ಎಂದು. ಈ ಮಾತು ಹೇಳಿದವನು ಕಾನ್‌ಸ್ಟಾಂಟಿನೋಪಲ್ ನೋಡಿದವನು, ತುಘಲಕ್‌ನ ಭಂಡಾರದ ಹಣ ಮುಟ್ಟಿದವನು. ಅವನಿಗೆ ಅಸೂಯೆ ಹುಟ್ಟಿಸಿದ್ದು ನಾಲ್ಕು ಮರ, ಒಂದು ಮಗ್ಗ, ಒಟ್ಟಿಗಿದ್ದ ಒಂದು ಸಂಸಾರ.

ಆದರೂ ಅವನು ಅಲ್ಲಿ ನಿಲ್ಲಲಿಲ್ಲ. ಮುಲೂಕ್ ಎಂಬ ಇನ್ನೊಂದು ದ್ವೀಪದಲ್ಲಿ 70 ದಿನ ಇದ್ದ. ಕೊಂಬೆ ಕಡಿದು ಗೋಡೆಗೆ ಸಿಕ್ಕಿಸಿದರೂ ಚಿಗುರುವಂಥ ನೆಲ ಅದು ಎಂದು ಕೊಂಡಾಡುತ್ತಾನೆ. ಅಲ್ಲಿಂದ ತಮಿಳು ನಾಡಿನ ತೀರಕ್ಕೆ ಹೊರಟ ಹಡಗನ್ನು ಗಾಳಿ ಸಿಲೋನಿಗೆ ಒಯ್ದಿತು. ಅಲ್ಲಿ ಆದಮ್ ಶಿಖರ ಹತ್ತಿದ, ಕೋತಿಗಳನ್ನು, ಮಾಣಿಕ್ಯದ ಗಣಿಗಳನ್ನು ನೋಡಿದ. ಮಧುರೆಗೆ ಹೋದ. ಮತ್ತೆ ಹೊನ್ನಾವರಕ್ಕೆ ಬರುವಾಗ, ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಒಂದು ಚಿಕ್ಕ ದ್ವೀಪದ ಬಳಿ ಕಡಲ್ಗಳ್ಳರ 12 ಹಡಗುಗಳು ಮುತ್ತಿದವು. ಸಿಲೋನಿನ ರಾಜ ಕೊಟ್ಟ ಮಾಣಿಕ್ಯ, ಮುತ್ತು, ಬಟ್ಟೆ ಎಲ್ಲ ಹೋಯಿತು. ಮೈಮೇಲೆ ಉಳಿದದ್ದು ಒಂದು ಷರಾಯಿ ಮಾತ್ರ.

ಆಮೇಲೆ ಅವನು ಇನ್ನೊಮ್ಮೆ ಮಾಲ್ಡೀವ್ಸ್‌ಗೆ ಹೋದ. ಅವನು ಬಿಟ್ಟುಬಂದ ಮೇಲೆ ಅಲ್ಲಿ ಅವನಿಗೆ ಒಬ್ಬ ಮಗ ಹುಟ್ಟಿದ್ದ. ಆಗ ಮಗುವಿಗೆ ಸುಮಾರು ಎರಡು ವರ್ಷ. ಕರೆದುಕೊಂಡು ಬರಬೇಕೆಂದು ಹೋಗಿದ್ದ. ತಾಯಿ ಒಪ್ಪಲಿಲ್ಲ, ವಜೀರನ ಬಳಿ ದೂರು ಹೇಳಿದಳು. ಅಧಿಕಾರಿಗಳು ತಡೆಯಲಿಲ್ಲ. ಆದರೆ ಮಗುವನ್ನು ಕಣ್ಣಾರೆ ಕಂಡ ಮೇಲೆ, ಅಲ್ಲೇ ಇರುವುದು ಮಗುವಿಗೆ ಒಳ್ಳೆಯದೆಂದು ಅವನಿಗೇ ಅನ್ನಿಸಿತು. ಮಗುವನ್ನು ಅವರ ಕೈಗೆ ಮರಳಿ ಕೊಟ್ಟ. ಐದು ದಿನ ಇದ್ದು ಬಂಗಾಳದ ಹಡಗು ಹತ್ತಿದ. ಇದನ್ನು ಅವನು ಎರಡೇ ಸಾಲಿನಲ್ಲಿ ಮುಗಿಸುತ್ತಾನೆ. ಕವಡೆಗೆ, ನಾರಿಗೆ ಪುಟಗಟ್ಟಲೆ ಕೊಟ್ಟವನು ಮಗನಿಗೆ ಎರಡು ಸಾಲು ಕೊಟ್ಟನಲ್ಲ ಎಂದು ನನಗೆ ಮೊದಲು ಸಿಟ್ಟು ಬಂತು. ಈಗ ಅನ್ನಿಸುತ್ತದೆ, ಹೆಚ್ಚು ಹೇಳಲು ಅವನಿಗೆ ಆಗಿರಲಿಕ್ಕಿಲ್ಲ. ಮನೆ, ಮಕ್ಕಳು, ದೋಣಿ ಇರುವ ದ್ವೀಪವೊಂದು ಅವನಿಗೂ ಸಿಕ್ಕಿತ್ತು. ಅವನೇ ಅದನ್ನು ಬಿಟ್ಟು ಹೊರಟ.

ಸುಮಾತ್ರಾ, ಚೀನಾ ನೋಡಿಕೊಂಡು ಅವನು ಪಶ್ಚಿಮಕ್ಕೆ ತಿರುಗಿದ. 1348ರಲ್ಲಿ ದಮಾಸ್ಕಸ್‌ನಲ್ಲಿ ಸುದ್ದಿ ತಿಳಿಯಿತು: ತಂದೆ ತೀರಿಕೊಂಡು 15 ವರ್ಷವಾಗಿತ್ತು. ಆ ಊರಿನಲ್ಲಿ ಹಿಂದೆ ಬಿಟ್ಟುಹೋಗಿದ್ದ ಇನ್ನೊಬ್ಬ ಮಗನೂ ಇರಲಿಲ್ಲ. ಆ ವರ್ಷ ಪ್ಲೇಗ್ ಊರೂರುಗಳನ್ನು ಬರಿದು ಮಾಡುತ್ತಿತ್ತು. 1349ರಲ್ಲಿ ಮೊರಾಕೊ ಮುಟ್ಟುವಷ್ಟರಲ್ಲಿ ತಾಯಿಯೂ ಅದೇ ರೋಗಕ್ಕೆ ತುತ್ತಾಗಿದ್ದಳು. ಹಜ್ ಮುಗಿಸಿ ಬರುತ್ತಾನೆಂದು ಕಾದವಳ ಕಬರಿಗೆ ಅವನು ಹೋಗಿ ನಿಂತ.

ನಂತರ ಸ್ಪೇನಿನ ಗ್ರನಾಡಾ, ಆಮೇಲೆ ಮಾಲಿ. ಒಟ್ಟು ತಿರುಗಿದ್ದು 1 ಲಕ್ಷ ಕಿಲೋಮೀಟರಿಗೂ ಹೆಚ್ಚು. 1354ರಲ್ಲಿ ಮೊರಾಕೊದ ಸುಲ್ತಾನ ಅಬೂ ಇನಾನ್, ಇದನ್ನೆಲ್ಲ ಬರೆಸಿಡಬೇಕೆಂದು ಆಜ್ಞೆ ಮಾಡಿದ. ಇಬ್ನ್ ಬತೂತಾ ಹೇಳುತ್ತಾ ಹೋದ, ಇಬ್ನ್ ಜುಝೈ ಎಂಬ ವಿದ್ವಾಂಸ ಬರೆದುಕೊಂಡ. 1355ರ ಡಿಸೆಂಬರ್‌ನಲ್ಲಿ 'ರಿಹ್ಲಾ' ಮುಗಿಯಿತು. ಇಬ್ನ್ ಬತೂತಾ ಮೊರಾಕೊದ ಒಂದು ಊರಿನಲ್ಲಿ ಖಾಝಿಯಾಗಿ ಕೊನೆಯ ವರ್ಷಗಳನ್ನು ಕಳೆದು, 1368-69ರ ಹೊತ್ತಿಗೆ ತೀರಿಕೊಂಡ.

ಬರೆಸುವಾಗ ಅವನ ಕೈಯಲ್ಲಿ ಟಿಪ್ಪಣಿಗಳು ಹೆಚ್ಚಾಗಿ ಇರಲಿಲ್ಲ. ಬರೆದಿಟ್ಟುಕೊಂಡಿದ್ದ ಕೆಲವು ವಿಷಯಗಳೂ ಕಡಲ್ಗಳ್ಳರ ಪಾಲಾಗಿದ್ದವು. ನೆನಪಿನಿಂದಲೇ ಹೇಳಬೇಕಿತ್ತು. ಹೀಗಾಗಿ ಅವನ ಲೆಕ್ಕದಲ್ಲಿ ಅಲ್ಲಲ್ಲಿ ತಪ್ಪಿದೆ, ದ್ವೀಪಗಳು ಸುಮಾರು 2,000 ಎನ್ನುತ್ತಾನೆ, ಇಂದಿನ ಲೆಕ್ಕದಲ್ಲಿ 1,192. ಆದರೆ ಹತ್ತು ವರ್ಷಗಳಾದ ಮೇಲೂ ಆ ದ್ವೀಪದ ಮೇಲೆ ಸುತ್ತಿದ ಕಾಗೆಗಳು ಎರಡು ಎಂಬುದು ಅವನಿಗೆ ನೆನಪಿತ್ತು. ಕಳ್ಳರು ಮಾಣಿಕ್ಯ ದೋಚಿದರು, ಕಾಗೆಗಳನ್ನು ದೋಚಲಾಗಲಿಲ್ಲ.

ಗೆಳೆಯರೇ, ನಮ್ಮ ಉರಿಗಾಂ ಸ್ಟೇಷನ್ನಿನಿಂದ ದಿನಾ ಬೆಳಿಗ್ಗೆ ಬೆಂಗಳೂರಿನ ರೈಲು ತುಂಬಿಕೊಂಡು ಹೋಗುತ್ತದೆ. ನಮ್ಮ ಮನೆಗಳ ಅಪ್ಪಂದಿರು, ಅಣ್ಣಂದಿರು ಅದರಲ್ಲಿದ್ದಾರೆ. ಪಿಯುಸಿ ಮುಗಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಅದೇ ರೈಲು ಹತ್ತುತ್ತೇವೆ. ಕೆಲವರು ಕೊಲ್ಲಿ ದೇಶಗಳ ವಿಮಾನವನ್ನೂ ಹತ್ತಬಹುದು. ಹೋಗಬೇಡಿ ಎಂದು ಹೇಳಲು ನಾನು ಯಾರು, ನಾನೂ ಹೋಗುವವನೇ. ಹೋಗದಿದ್ದರೆ ಇಬ್ನ್ ಬತೂತಾ ಇಲ್ಲ, ಹೊನ್ನಾವರದ 13 ಶಾಲೆಗಳ ಸುದ್ದಿಯೂ ನಮಗೆ ಇಲ್ಲ. ಆದರೆ ಹೋಗುವುದಕ್ಕೆ ತೆರಬೇಕಾದ ಬೆಲೆಯನ್ನೂ ಅವನು ಮುಚ್ಚಿಡದೆ ಬರೆಸಿದ್ದಾನೆ. ಹೊರಡುವ ಮೊದಲು ಈ ಊರನ್ನು ಅವನು ಆ ದ್ವೀಪ ನೋಡಿದ ಹಾಗೆ ಒಮ್ಮೆ ನೋಡೋಣ. ಮಳೆಯಲ್ಲಿ ಸೈನೈಡ್ ಗುಡ್ಡದ ಮೈಮೇಲೆ ಕೊರೆಯುವ ಸಾಲುಗಳು, ಅದರ ಪಕ್ಕದಲ್ಲೇ ಹಠ ಹಿಡಿದು ಬೆಳೆಯುವ ಜಾಲಿ, ಸ್ಟೇಷನ್ನಿನ ಮರಕ್ಕೆ ಸಂಜೆ ಬರುವ ಹಕ್ಕಿಗಳು. ಎಷ್ಟು ಹಕ್ಕಿ ಎಂದು ಎಣಿಸೋಣ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಗಣಿಯ ಕಾಲದ ಮಾತು ಕೇಳಿ ಬರೆದಿಡೋಣ. ಮುಂದೆ ಎಲ್ಲೋ ದೂರದ ಊರಿನಲ್ಲಿ, ಕೈಯಲ್ಲಿ ಏನೂ ಉಳಿಯದ ದಿನ ಬಂದರೂ, ಅಷ್ಟು ನಮ್ಮ ಜೊತೆಗೆ ಇರುತ್ತದೆ.